ಚೀನಾದಲ್ಲಿರುವ ಕನ್ನಡಿಗರಿಗೆ: ಅಂಕಕ್ಕೆ ಹೆದರಬೇಡಿ, ಕೋರ್ಟಿನ ಪಟ್ಟಿಗೆ ಹೆದರಿ

"ಅಲ್ಲಿ ಸರ್ಕಾರ ಪ್ರತಿಯೊಬ್ಬರಿಗೂ ಅಂಕ ಕೊಡುತ್ತದಂತೆ, ರಸ್ತೆ ತಪ್ಪಾಗಿ ದಾಟಿದರೂ ಕಳೆಯುತ್ತಾರಂತೆ, ಹೌದಾ?" ಚೀನಾಕ್ಕೆ ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಇಡೀ ದೇಶಕ್ಕೆ ಅನ್ವಯಿಸುವ ಅಂಥ ಅಂಕ ಇಲ್ಲ. 2014ರಲ್ಲಿ ಅಲ್ಲಿನ ಸ್ಟೇಟ್ ಕೌನ್ಸಿಲ್, ಅಂದರೆ ಸಚಿವ ಸಂಪುಟ, ಜನರ ಮತ್ತು ಕಂಪನಿಗಳ ನಂಬಿಕಾರ್ಹತೆಯನ್ನು ದಾಖಲಿಸುವ ಸೋಷಿಯಲ್ ಕ್ರೆಡಿಟ್ ವ್ಯವಸ್ಥೆಯ ಯೋಜನೆ ಪ್ರಕಟಿಸಿತು. ಶಾಂಡಾಂಗ್ ಪ್ರಾಂತ್ಯದ ರೊಂಗ್‌ಚೆಂಗ್‌ನಂಥ ಕೆಲವು ಊರುಗಳು ನಿವಾಸಿಗಳಿಗೆ 1000 ಅಂಕ ಕೊಟ್ಟು, ಕೂಡಿಸಿ ಕಳೆಯುವ ಪ್ರಯೋಗ ನಡೆಸಿದವು. ಜಗತ್ತಿನ ಸುದ್ದಿಯಾದದ್ದು ಅದು. ಹಣ ಪಾವತಿಯ ಆ್ಯಪ್ ಅಲಿಪೇಯಲ್ಲಿ ಕಾಣುವ 350ರಿಂದ 950ರವರೆಗಿನ ಝೀಮಾ ಅಂಕವಂತೂ ಖಾಸಗಿ ಕಂಪನಿಯದು. ಅದು ಹೆಚ್ಚಿದ್ದರೆ ಕೆಲವು ಕಡೆ ಠೇವಣಿ ಇಡದೆ ಸಾಮಾನು ಬಾಡಿಗೆಗೆ ಸಿಗುತ್ತದೆ, ಅಷ್ಟೇ.

ಬದುಕಿಗೆ ನಿಜವಾಗಿ ತಟ್ಟುವುದು ಬೇರೆಯೇ ಇದೆ: ಕೋರ್ಟ್ ತೀರ್ಪಿನಂತೆ ಹಣ ಕಟ್ಟದವರ ಪಟ್ಟಿ. ಜನ ಅವರನ್ನು 'ಲಾವೋಲಾಯ್' ಎನ್ನುತ್ತಾರೆ. ಸುಪ್ರೀಂ ಪೀಪಲ್ಸ್ ಕೋರ್ಟ್ 2013ರಿಂದ ಇದನ್ನು ಬಹಿರಂಗವಾಗಿ ಪ್ರಕಟಿಸುತ್ತಿದೆ. ಕೋರ್ಟಿನ ಜಾಲತಾಣದಲ್ಲಿ ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ಇದರ ಜೊತೆಗೇ ಬರುವುದು ಖರ್ಚಿನ ಮೇಲಿನ ನಿರ್ಬಂಧದ ಆದೇಶ. ಅದು ಹೊರಬಿದ್ದ ಮೇಲೆ ವಿಮಾನದ ಟಿಕೆಟ್ ಕೊಳ್ಳುವಂತಿಲ್ಲ. ಹೆಸರು 'ಜಿ' ಅಕ್ಷರದಿಂದ ಶುರುವಾಗುವ ಹೈಸ್ಪೀಡ್ ರೈಲುಗಳಲ್ಲಿ ಯಾವ ಸೀಟೂ ಸಿಗದು. ಸಾಮಾನ್ಯ ರೈಲಿನಲ್ಲೂ ಸಾಫ್ಟ್ ಸ್ಲೀಪರ್ ಇಲ್ಲ. ಸ್ಟಾರ್ ಹೋಟೆಲ್, ಮನೆ ಖರೀದಿ, ದುಬಾರಿ ಖಾಸಗಿ ಶಾಲೆಯಲ್ಲಿ ಮಕ್ಕಳ ಓದು, ಎಲ್ಲಕ್ಕೂ ತಡೆ. ಟಿಕೆಟ್ ಕೊಡುವುದೇ ಗುರುತಿನ ದಾಖಲೆಯ ಮೇಲೆ, ಆದ್ದರಿಂದ ತಪ್ಪಿಸಿಕೊಳ್ಳುವ ದಾರಿ ಕಡಿಮೆ.

ಯಿವು, ಗ್ವಾಂಗ್‌ಝೌ, ಶಾವೋಶಿಂಗ್ ಕಡೆ ವ್ಯಾಪಾರ ಮಾಡುವ ನಮ್ಮವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಕಂಪನಿ ನೋಂದಾಯಿಸುವಾಗ ಒಬ್ಬರನ್ನು ಕಾನೂನು ಪ್ರತಿನಿಧಿ, ಅಂದರೆ ಕಾನೂನಿನ ಮುಂದೆ ಕಂಪನಿಯ ಪರವಾಗಿ ನಿಲ್ಲುವವರು, ಎಂದು ದಾಖಲಿಸುತ್ತಾರೆ. "ಹೆಸರಿಗಷ್ಟೇ, ಒಂದು ಸಹಿ ಹಾಕಿ" ಎಂದು ಪಾಲುದಾರರು ಕೇಳುವುದುಂಟು. ದಯವಿಟ್ಟು ಹಾಕಬೇಡಿ. ಕಂಪನಿ ಸರಬರಾಜುದಾರನಿಗೆ ಹಣ ಕಟ್ಟದೆ ಕೋರ್ಟಿನಲ್ಲಿ ಸೋತರೆ, ಆ ನಿರ್ಬಂಧ ಕಾನೂನು ಪ್ರತಿನಿಧಿಯ ಮೇಲೂ ಬರುತ್ತದೆ. ಲಾಭದಲ್ಲಿ ಒಂದು ಯುವಾನ್ ಕೂಡ ನೋಡದವರು ರೈಲು ಹತ್ತಲಾಗದೆ ನಿಲ್ಲಬೇಕಾದೀತು. ಅದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ: 2013ರ ಜುಲೈ 1ರಿಂದ ಜಾರಿಯಲ್ಲಿರುವ ಆಗಮನ–ನಿರ್ಗಮನ ಕಾನೂನಿನ ಪ್ರಕಾರ, ಸಿವಿಲ್ ಮೊಕದ್ದಮೆ ಇತ್ಯರ್ಥವಾಗದಿದ್ದರೆ ವಿದೇಶಿಯರು ದೇಶ ಬಿಟ್ಟು ಹೋಗದಂತೆ ಕೋರ್ಟ್ ತಡೆಯಬಹುದು. ಕಾರ್ಮಿಕರ ಸಂಬಳ ಬಾಕಿ ಇದ್ದರೂ ತಡೆ ಬೀಳಬಹುದು. ಆಗ ನಮ್ಮ ಕಾನ್ಸುಲೇಟ್ ನೆರವಿಗೆ ಬರಬಹುದೇ ಹೊರತು ಅಲ್ಲಿನ ಕೋರ್ಟಿನ ಆದೇಶ ರದ್ದು ಮಾಡಲಾರದು.

ಇದೇ ವ್ಯವಸ್ಥೆ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ, ಬಳಸಿಕೊಳ್ಳಿ. ಪ್ರತಿ ಕಂಪನಿಗೂ 18 ಅಂಕಿ–ಅಕ್ಷರಗಳ ಏಕೀಕೃತ ಸೋಷಿಯಲ್ ಕ್ರೆಡಿಟ್ ಕೋಡ್ ಇರುತ್ತದೆ. ಕಚೇರಿಯ ಗೋಡೆಗೆ ತೂಗುಹಾಕಿರುವ ವ್ಯಾಪಾರ ಪರವಾನಗಿ ನೋಡಿ, ಕೋಡ್ ಅಲ್ಲೇ ಮುದ್ರಿತವಾಗಿರುತ್ತದೆ, ಜೊತೆಗೆ ಕ್ಯೂಆರ್ ಕೋಡ್ ಕೂಡ. ಒಂದು ಫೋಟೊ ತೆಗೆದುಕೊಂಡು ಬಂದು, ಆ ಕೋಡನ್ನು ಸರ್ಕಾರದ ಉದ್ಯಮ ಮಾಹಿತಿ ತಾಣದಲ್ಲಿ ಅಥವಾ ಕಂಪನಿಗಳ ದಾಖಲೆ ಹುಡುಕುವ ಟಿಯಾನ್‌ಯಾನ್‌ಚಾ ಆ್ಯಪಿನಲ್ಲಿ ಹಾಕಿ. ಕಂಪನಿ ಯಾವಾಗ ಶುರುವಾಯಿತು, ಪ್ರತಿನಿಧಿ ಯಾರು, ದಂಡ ಬಿದ್ದಿದೆಯೇ ಎಂದೆಲ್ಲ ತಿಳಿಯುತ್ತದೆ. ಮುಂಗಡ ಕಳಿಸುವ ಮೊದಲು, ಕೆಲಸಕ್ಕೆ ಒಪ್ಪುವ ಮೊದಲು, ಇಷ್ಟು ಮಾಡುವುದು ನನ್ನ ಮಟ್ಟಿಗೆ ಕಡ್ಡಾಯ.

ಓದಲು ಬಂದ ಮೆಡಿಕಲ್ ವಿದ್ಯಾರ್ಥಿಗಳಿಗೆ ಇದರ ಚಿಂತೆ ಕಡಿಮೆ. ಹೋಟೆಲ್ ಬಿಟ್ಟು ಬೇರೆಡೆ ತಂಗಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿ ಮಾಡಿಸಿ, ಪರವಾನಗಿ ಇಲ್ಲದೆ ಸಂಬಳದ ಕೆಲಸಕ್ಕೆ ಹೋಗಬೇಡಿ. ಹಾಗೆ ಕೆಲಸ ಮಾಡಿದರೆ ದಂಡ 5,000ದಿಂದ 20,000 ಯುವಾನ್. ಹೈಸ್ಪೀಡ್ ರೈಲಿನಲ್ಲಿ ಸಿಗರೇಟು ಸೇದಿದರೆ 180 ದಿನ ಟಿಕೆಟ್ ನಿಂತುಹೋದೀತು, 2018ರ ಮೇ ತಿಂಗಳಿಂದ ಈ ನಿಯಮವಿದೆ.

ಬ್ಯಾಂಕ್ ಸಾಲದ ದಾಖಲೆ ಪ್ರತ್ಯೇಕ, ಅದನ್ನು ಚೀನಾದ ಕೇಂದ್ರ ಬ್ಯಾಂಕಾದ ಪೀಪಲ್ಸ್ ಬ್ಯಾಂಕಿನ ಸಾಲ ದಾಖಲೆ ಕೇಂದ್ರ ಇಡುತ್ತದೆ. ಕಂತು ತಪ್ಪಿಸಿದ್ದು, ಬಾಕಿ ತೀರಿಸಿದ ಮೇಲೂ 5 ವರ್ಷ ಉಳಿಯುತ್ತದೆ. ನಿಮ್ಮ ವರದಿಯನ್ನು ವರ್ಷಕ್ಕೆ ಎರಡು ಸಲ ಉಚಿತವಾಗಿ ಪಡೆಯಬಹುದು.

ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರು ಈಗಾಗಲೇ ಇದ್ದರೆ, ಚೀನಾ ಬಿಡುವ ಮೊದಲು ಅದನ್ನು ಅಧಿಕೃತವಾಗಿ ಬದಲಾಯಿಸಿಕೊಳ್ಳಿ. ಕೋರ್ಟಿನಿಂದ ಕಾಗದ ಬಂದರೆ, ಭಾಷೆ ಬಾರದೆಂದು ಮೂಲೆಗಿಡದೆ ಅಂದೇ ಅಲ್ಲಿನ ವಕೀಲರಿಗೆ ತೋರಿಸಿ. ಬಾಕಿ ಪೂರ್ತಿ ಕಟ್ಟಿದರೆ ಕೋರ್ಟ್ 3 ಕೆಲಸದ ದಿನಗಳೊಳಗೆ ಪಟ್ಟಿಯಿಂದ ಹೆಸರು ತೆಗೆಯಬೇಕು. ಕಟ್ಟಿದ ರಸೀದಿ ಜೋಪಾನವಾಗಿಡಿ.