ಎಂಜಿಬಿ ಬಾನೆಟ್‌ಗೆ ಗ್ಯಾಸ್ ಸ್ಟ್ರಟ್: ತಗಡು ಬಾಗದ ಹಾಗೆ ಹಾಕುವುದು ಹೇಗೆ

ಎಂಜಿಬಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದಾಗ ಅದನ್ನು ಹಿಡಿದು ನಿಲ್ಲಿಸುವುದು ಒಂದು ತೆಳ್ಳಗಿನ ಕಡ್ಡಿ. ಜೋರಾಗಿ ಗಾಳಿ ಬೀಸಿದರೆ, ಇಲ್ಲವೇ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹತ್ತಿರ ಕೈ ಹಾಕುವಾಗ ಮೊಣಕೈ ತಗುಲಿದರೆ, ಎಲ್ಲಿ ತಲೆ ಮೇಲೆ ಬೀಳುತ್ತದೋ ಅಂತ ಭಯ. ಅದಕ್ಕೇ ಜನ ಗ್ಯಾಸ್ ಸ್ಟ್ರಟ್, ಅಂದರೆ ಒಳಗೆ ಒತ್ತಿ ತುಂಬಿದ ಗ್ಯಾಸಿನ ಬಲದಿಂದ ಬಾನೆಟ್ ಎತ್ತಿ ಹಿಡಿಯುವ ಕೊಳವೆ, ಹಾಕುತ್ತಾರೆ. ಕೆಲಸವೇನೂ ಕಷ್ಟವಿಲ್ಲ. ಆದರೆ ಎತ್ತಿದ ಬಾನೆಟ್ ಹಾಗೇ ನಿಲ್ಲುತ್ತದಾ ಅಂತ ಎಲ್ಲರೂ ನೋಡುತ್ತಾರೆ, ಮುಚ್ಚುವಾಗ ಬಾಗುತ್ತದಾ ಅಂತ ಯಾರೂ ನೋಡುವುದಿಲ್ಲ. ಹಾಳಾಗುವುದು ಅಲ್ಲೇ.

ಮೊದಲು ಒಂದು ಅಯಸ್ಕಾಂತ ತಗೊಂಡು ಬಾನೆಟ್‌ಗೆ ಹಿಡಿಯಿರಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಕಾರು ಇದು. ಮೊದಮೊದಲ ಬಾನೆಟ್‌ಗಳು ಅಲ್ಯುಮಿನಿಯಂ, ಆಮೇಲಿನವು ಸ್ಟೀಲು. ಇಷ್ಟು ವರ್ಷದಲ್ಲಿ ಯಾರ ಬಾನೆಟ್ ಯಾರ ಕಾರಿಗೆ ಬಂದಿದೆಯೋ ಹೇಳಕ್ಕಾಗಲ್ಲ, ಹಾಗಾಗಿ ಕಾರಿನ ಇಸವಿ ನೋಡಿ ತೀರ್ಮಾನ ಮಾಡಬೇಡಿ. ಅಯಸ್ಕಾಂತ ಅಂಟದಿದ್ದರೆ ಅಲ್ಯುಮಿನಿಯಂ. ಅದು ಹಗುರ, ಮೆತ್ತಗೆ ಕೂಡ. ಸ್ಟೀಲ್ ಬಾನೆಟ್‌ಗೆಂದು ಮಾಡಿದ ಎರಡು ಸ್ಟ್ರಟ್ ಅದಕ್ಕೆ ಹಾಕಿದರೆ ಹಿಂಜ್ ಪಕ್ಕದ ಮೂಲೆ ಮಡಚಿಕೊಳ್ಳುವ ಸಾಧ್ಯತೆ ಜಾಸ್ತಿ. ನನ್ನ ಕೇಳಿದರೆ ಅಲ್ಯುಮಿನಿಯಂಗೆ ಹಳೇ ಕಡ್ಡಿಯೇ ವಾಸಿ, ತುದಿ ಜಾರದ ಹಾಗೆ ಒಂದು ಕ್ಲಿಪ್ ಹಾಕಿದರೆ ಸಾಕು.

ಸ್ಟೀಲ್ ಆದರೆ ಮುಂದಿನ ಪ್ರಶ್ನೆ ಎಷ್ಟು ನ್ಯೂಟನ್‌ನ (ತಳ್ಳುವ ಬಲದ ಅಳತೆ) ಸ್ಟ್ರಟ್ ಅನ್ನುವುದು. ಲೆಕ್ಕ ಸುಲಭ. ಬಾನೆಟ್ 12 ಕೆ.ಜಿ. ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 118 ನ್ಯೂಟನ್ ಭಾರ. ಹಿಂಜ್‌ನಿಂದ ಬಾನೆಟ್‌ನ ಭಾರದ ನಡುಬಿಂದುವಿಗೆ ಅಡ್ಡಕ್ಕೆ 55 ಸೆಂ.ಮೀ. ಇದೆ, ಬಾನೆಟ್ ತೆರೆದಾಗ ಹಿಂಜ್‌ನಿಂದ ಸ್ಟ್ರಟ್‌ನ ಗೆರೆಗೆ ನೇರ ಲಂಬವಾಗಿ ಅಳೆದರೆ 20 ಸೆಂ.ಮೀ. ಸಿಗುತ್ತದೆ ಅಂದುಕೊಳ್ಳಿ. 118ನ್ನು 55ರಿಂದ ಗುಣಿಸಿ 20ರಿಂದ ಭಾಗಿಸಿದರೆ ಸುಮಾರು 325. ಒಂದೇ ಸ್ಟ್ರಟ್ ಆದರೆ ಅಷ್ಟೂ ಅದರದ್ದೇ, ಎರಡಾದರೆ ಅರ್ಧರ್ಧ. ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ, ಅಷ್ಟಕ್ಕೇ ನಿಲ್ಲಿಸಿ. ನಿಮ್ಮ ಬಾನೆಟ್‌ನ ತೂಕ, ಅಳತೆ ನೀವೇ ಹಿಡಿಯಬೇಕು. ಜೋರಾಗಿರಲಿ ಅಂತ ಸುಮ್ನೆ ದೊಡ್ಡದು ತರಬೇಡಿ.

ಕೆಲಸ ಶುರು ಮಾಡುವ ಮುಂಚೆ ಬಾನೆಟ್ ಮುಚ್ಚಿ, ಹಿಂದಿನ ಎರಡು ಮೂಲೆಯಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಸಂದು ಎಷ್ಟಿದೆ ಅಂತ ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಈ ನಂಬರು ಆಮೇಲೆ ಬೇಕು. ಈಗ ಬಾನೆಟ್ ಎತ್ತಿ, ಇನ್ನೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ ಹಳೇ ಕಡ್ಡಿ ಬಿಚ್ಚಿ. ಕಡ್ಡಿ ಎಸೆಯಬೇಡಿ, ಕಾರಿನ ಬೂಟ್‌ನಲ್ಲಿ (ಡಿಕ್ಕಿಯಲ್ಲಿ) ಇರಲಿ.

ಬ್ರಾಕೆಟ್‌ಗಳನ್ನು ಆದಷ್ಟೂ ಈಗಾಗಲೇ ಇರುವ ಬೋಲ್ಟ್ ತೂತುಗಳಿಗೇ ಕೂರಿಸಿ. ಇಲ್ಲಿನ ಬೋಲ್ಟುಗಳು ಮೆಟ್ರಿಕ್ ಅಲ್ಲ, ಯುಎನ್‌ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಥ್ರೆಡ್‌ನವು. 5/16 ಇಂಚಿನ ತೂತಿಗೆ 8 ಮಿ.ಮೀ. ಬೋಲ್ಟ್ ಒಂದೆರಡು ಸುತ್ತು ಚೆನ್ನಾಗಿಯೇ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ, ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಥ್ರೆಡ್ ಹೋಯಿತು ಅಂತಲೇ. ಬಾನೆಟ್ ಕಡೆಯ ಬ್ರಾಕೆಟ್ ಒಳಗಿನ ದಪ್ಪ ಫ್ರೇಮ್‌ಗೆ ಹೋಗಬೇಕು, ಹೊರ ತಗಡಿಗೆ ಅಲ್ಲ. ಡ್ರಿಲ್ ಮಾಡಲೇಬೇಕಾದರೆ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿ, ಇಲ್ಲವಾದರೆ ಪೇಂಟ್ ಕಡೆ ಮೊಡವೆ ಎದ್ದ ಹಾಗೆ ಗುಬುಟು ಬರುತ್ತದೆ. ಕೊರೆದ ಅಂಚಿಗೆ ಪ್ರೈಮರ್ ಹಚ್ಚಲು ಮರೆಯಬೇಡಿ, ಈ ಕಾರುಗಳಿಗೆ ತುಕ್ಕು ಹಿಡಿಯಲು ನೆಪ ಬೇಕಷ್ಟೇ.

ಸ್ಟ್ರಟ್ ಹಾಕುವಾಗ, ಬಾನೆಟ್ ಮುಚ್ಚಿದ ಸ್ಥಿತಿಯಲ್ಲಿ ಅದರ ರಾಡ್ ಕೆಳಗೆ, ದಪ್ಪ ಸಿಲಿಂಡರ್ ಮೇಲೆ ಬರಬೇಕು. ಒಳಗಿರುವ ಎಣ್ಣೆ ಆಗ ರಾಡ್ ಹೊರಬರುವ ಕಡೆಯ ಸೀಲ್ ಹತ್ತಿರ ನಿಲ್ಲುತ್ತದೆ, ಸೀಲ್ ಒಣಗುವುದಿಲ್ಲ. ಜತೆಗೆ, ಪೂರ್ತಿ ಮುಚ್ಚಿದಾಗಲೂ ರಾಡ್ ಇನ್ನೂ ಒಂದು 10 ಮಿ.ಮೀ. ಒಳಗೆ ಹೋಗುವಷ್ಟು ಜಾಗ ಉಳಿದಿರಬೇಕು. ಅದಿಲ್ಲದಿದ್ದರೆ ಸ್ಟ್ರಟ್ ತಳ ಮುಟ್ಟಿಬಿಡುತ್ತದೆ, ಮಿಕ್ಕ ಒತ್ತಡವೆಲ್ಲ ಬಾನೆಟ್ ಮೇಲೆ.

ಮೊದಲ ಸಲ ಮುಚ್ಚುವಾಗ ದಢಾರನೆ ಬಿಡಬೇಡಿ. ಸ್ಟ್ರಟ್ ಏನಕ್ಕಾದರೂ ತಾಗಬಹುದು ಅನ್ನಿಸಿದ ಕಡೆ ಮಕ್ಕಳ ಜೇಡಿಮಣ್ಣಿನ ಉಂಡೆ ಅಂಟಿಸಿ, ಎರಡೂ ಕೈಯಿಂದ ನಿಧಾನಕ್ಕೆ ಒತ್ತಿ, ಮತ್ತೆ ತೆಗೆದು ನೋಡಿ. ಉಂಡೆ ಚಪ್ಪಟೆಯಾಗಿದ್ದರೆ ಬ್ರಾಕೆಟ್ ಜಾಗ ಬದಲಿಸಿ. ಎಡಗಡೆ ಕಾರ್ಬ್ಯುರೇಟರ್‌ಗಳ ಹತ್ತಿರ ಇನ್ನೂ ಸ್ವಲ್ಪ ಹುಷಾರು, ಥ್ರಾಟಲ್ ಲಿಂಕೇಜ್‌ಗೆ ತಾಗಿದರೆ ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳಬಹುದು. ಆಮೇಲೆ ಆ ಟೇಪಿನ ಮೂಲೆಗೆ ಬನ್ನಿ. ಸಂದು ಮೊದಲಿಗಿಂತ ಅಗಲವಾಗಿದ್ದರೆ, ಅಥವಾ ಮೂಲೆ ಮೇಲೆದ್ದಿದ್ದರೆ, ಸ್ಟ್ರಟ್ ಜೋರು ಜಾಸ್ತಿಯಾಯಿತು. ಹಿಂಜ್ ಸಡಿಲಿಸಿ ಸರಿಮಾಡಲು ಹೋಗಬೇಡಿ, ಕಡಿಮೆ ನ್ಯೂಟನ್‌ನದು ತನ್ನಿ.

ಕೊನೆಗೆ ಸೇಫ್ಟಿ ಕ್ಯಾಚ್. ಈ ಬಾನೆಟ್ ವಿಂಡ್‌ಸ್ಕ್ರೀನ್ ಕಡೆ ಹಿಂಜ್ ಆಗಿದೆ, ಓಡುವಾಗ ತೆರೆದುಕೊಂಡರೆ ಗಾಳಿಗೆ ಸೀದಾ ಗಾಜಿಗೇ ಬಂದು ಬಡಿಯುತ್ತದೆ ಅಲ್ವಾ. ಒಳಗಿನ ಹಿಡಿ ಎಳೆದು ನೋಡಿ: ಸ್ಟ್ರಟ್ ತಳ್ಳಿದರೂ ಬಾನೆಟ್ ಕ್ಯಾಚ್‌ಗೆ ಸಿಕ್ಕಿ ನಿಲ್ಲಬೇಕು, ಬೆರಳು ಹಾಕಿ ಬಿಡಿಸಿದಾಗ ಮಾತ್ರ ಏಳಬೇಕು. ಹತ್ತು ಸಲ ಎಳೆದರೆ ಹತ್ತು ಸಲವೂ ನಿಲ್ಲಬೇಕು. ಒಂದು ಸಲ ತಪ್ಪಿದರೂ ಸ್ಟ್ರಟ್ ಬಿಚ್ಚಿ, ಬೂಟ್‌ನಲ್ಲಿರುವ ಹಳೇ ಕಡ್ಡಿ ಹಾಕಿಕೊಂಡು, ಕ್ಯಾಚ್ ಸರಿ ಮಾಡುವವರೆಗೂ ಹಾಗೇ ಓಡಿಸಿ.