ಟ್ರೀಡೆಪ್ತ್: ಲೆಕ್ಕ ಹಾಕುವ ಬಗೆ, ಬಳಸುವ ಬಗೆ

ಗ್ರಾಫ್ ಎಂದರೆ ನೋಡ್‌ಗಳು (ಬಿಂದುಗಳು) ಮತ್ತು ಅವುಗಳನ್ನು ಜೋಡಿಸುವ ಎಡ್ಜ್‌ಗಳು (ಗೆರೆಗಳು). ಅದರಿಂದ ಒಂದು ನೋಡ್ ಕಿತ್ತುಹಾಕಿ. ಉಳಿದದ್ದು ತುಂಡುತುಂಡಾದರೆ, ಮುಂದಿನ ಸುತ್ತಿನಲ್ಲಿ ಪ್ರತಿ ತುಂಡಿನಿಂದಲೂ ಒಂದೊಂದು ನೋಡ್ ಕೀಳಬಹುದು. ಹೀಗೆ ಗ್ರಾಫ್ ಪೂರ್ತಿ ಖಾಲಿಯಾಗಲು ಕನಿಷ್ಠ ಎಷ್ಟು ಸುತ್ತು ಬೇಕೋ ಅದೇ ಟ್ರೀಡೆಪ್ತ್. ಕಿತ್ತ ಕ್ರಮವನ್ನು ಮರವಾಗಿ ಬರೆದಿಟ್ಟರೆ ಅದು ಎಲಿಮಿನೇಷನ್ ಟ್ರೀ. ಮೊದಲು ಕಿತ್ತ ನೋಡ್ ಅದರ ಬೇರು. ಮರಕ್ಕಿರುವ ಷರತ್ತು ಒಂದೇ: ಗ್ರಾಫಿನ ಯಾವ ಎಡ್ಜ್ ತೆಗೆದುಕೊಂಡರೂ ಅದರ ಒಂದು ತುದಿ ಇನ್ನೊಂದರ ಪೂರ್ವಜನಾಗಿರಬೇಕು. ಮರದಲ್ಲಿ ಪೇರೆಂಟ್ ಮತ್ತು ಚೈಲ್ಡ್ ಆದವುಗಳ ನಡುವೆ ಗ್ರಾಫಿನಲ್ಲಿ ಎಡ್ಜ್ ಇರಲೇಬೇಕೆಂದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಈ ಮರದ ಎತ್ತರವೇ ಸುತ್ತುಗಳ ಸಂಖ್ಯೆ. ಅದನ್ನು ನೋಡ್‌ಗಳಲ್ಲಿ ಎಣಿಸಿ, ಎಡ್ಜ್‌ಗಳಲ್ಲಲ್ಲ. ಆಗ ಒಂಟಿ ನೋಡ್‌ಗೆ 1, ಸ್ಟಾರ್ ಗ್ರಾಫಿಗೆ (ನಡುವಿನ ಒಂದಕ್ಕೇ ಉಳಿದವೆಲ್ಲ ಅಂಟಿದ್ದು) 2, ಹತ್ತು ನೋಡ್‌ಗಳ ಕ್ಲಿಕ್‌ಗೆ (ಪ್ರತಿ ಜೋಡಿಯ ನಡುವೆಯೂ ಎಡ್ಜ್ ಇರುವುದಕ್ಕೆ) 10.

1ರಿಂದ 7ರವರೆಗೆ ಸಾಲಾಗಿ ಜೋಡಿಸಿದ 7 ನೋಡ್‌ಗಳ ಪಾತ್ ತೆಗೆದುಕೊಳ್ಳಿ. ನಡುವಿನ 4ನ್ನು ಕಿತ್ತರೆ ಮೂರು ಮೂರರ ಎರಡು ತುಂಡು. ಅವುಗಳಿಂದ 2 ಮತ್ತು 6, ಆಮೇಲೆ ಉಳಿದ 1, 3, 5, 7. ಒಟ್ಟು 3 ಸುತ್ತು. ಪಾತ್‌ಗಳಲ್ಲಿ 7 ನೋಡ್‌ವರೆಗೆ 3, 15ರವರೆಗೆ 4, 31ರವರೆಗೆ 5: ಉದ್ದ ದುಪ್ಪಟ್ಟಾದಾಗ ಒಂದೇ ಒಂದು ಸುತ್ತು ಏರುತ್ತದೆ.

ಹೆಚ್ಚು ಡಿಗ್ರಿಯ (ಹೆಚ್ಚು ಎಡ್ಜ್‌ಗಳಿರುವ) ನೋಡನ್ನೇ ಮೊದಲು ಕೀಳುವ ಗ್ರೀಡಿ ಆಸೆ ಎಲ್ಲರಿಗೂ ಹುಟ್ಟುತ್ತದೆ. ಇದೇ ಪಾತ್‌ನ 2ನೇ ನೋಡ್‌ಗೆ 8 ಎಂಬ ಎಲೆ ಅಂಟಿಸಿ ನೋಡಿ. ಈಗ 2ರ ಡಿಗ್ರಿ 3, ಉಳಿದೆಲ್ಲವುಗಳದ್ದು ಅದಕ್ಕಿಂತ ಕಡಿಮೆ. 2ನ್ನು ಕಿತ್ತರೆ 3ರಿಂದ 7ರವರೆಗಿನ ಐದು ನೋಡ್‌ಗಳ ಪಾತ್ ಉಳಿದು ಒಟ್ಟು 4 ಆಗುತ್ತದೆ. 4ನ್ನು ಕಿತ್ತಿದ್ದರೆ 3ರಲ್ಲೇ ಮುಗಿಯುತ್ತಿತ್ತು. ಡಿಗ್ರಿಗಿಂತ, ಕಿತ್ತಮೇಲೆ ಉಳಿಯುವ ತುಂಡುಗಳು ಎಷ್ಟು ಸಮನಾಗಿವೆ ಎಂಬುದು ಮುಖ್ಯ. ದೊಡ್ಡ ಗ್ರಾಫಿಗೆ ಹ್ಯೂರಿಸ್ಟಿಕ್ (ಅಂದಾಜಿನ ವಿಧಾನ) ಬರೆಯುವವರು ಸಣ್ಣ, ಸಮತೋಲದ ಸೆಪರೇಟರ್ (ಕಿತ್ತರೆ ಗ್ರಾಫ್ ಒಡೆಯುವ ನೋಡ್‌ಗಳ ಗುಂಪು) ಹುಡುಕುವುದಕ್ಕೇ ಹೆಚ್ಚು ಸಮಯ ಕೊಡಬೇಕು. ಮೊದಲ ಕಡಿತ ಕೆಟ್ಟರೆ ಕೆಳಗಿನ ಜಾಣತನವೆಲ್ಲ ವ್ಯರ್ಥ.

ನಿಖರ ಉತ್ತರ ಬೇಕಿದ್ದು ನೋಡ್‌ಗಳು ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಮೆಮೊ (ಒಮ್ಮೆ ಸಿಕ್ಕ ಉತ್ತರಗಳ ಟೇಬಲ್) ಇಟ್ಟುಕೊಂಡ ರಿಕರ್ಷನ್ ಸಾಕು. ಉಳಿದ ನೋಡ್‌ಗಳ ಗಣವನ್ನು ಬಿಟ್‌ಮಾಸ್ಕ್ (ನೋಡ್‌ಗೊಂದು ಬಿಟ್ ಇರುವ ಸಂಖ್ಯೆ) ಮಾಡಿ. ಮೊದಲು ಕನೆಕ್ಟೆಡ್ ಕಾಂಪೊನೆಂಟ್‌ಗಳಾಗಿ, ಅಂದರೆ ಬಿಡಿ ತುಂಡುಗಳಾಗಿ ಒಡೆಯಿರಿ. ಪ್ರತಿಯೊಂದರಲ್ಲೂ ಒಂದೊಂದು ನೋಡ್ ತೆಗೆದು ನೋಡಿ ಕನಿಷ್ಠಕ್ಕೆ 1 ಕೂಡಿಸಿ. ಕಾಂಪೊನೆಂಟ್‌ಗಳ ಉತ್ತರಗಳಲ್ಲಿ ಗರಿಷ್ಠವನ್ನು ಹಿಡಿಯಿರಿ. ಒಡೆಯುವ ಮುನ್ನವೇ ಮೆಮೊಗೆ ಹಾಕಿದರೆ ಟೇಬಲ್ ಸುಮ್ಮನೆ ಊದಿಕೊಳ್ಳುತ್ತದೆ. 20 ನೋಡ್‌ಗೆ ಹೆಚ್ಚೆಂದರೆ 10,48,576 ಗಣಗಳು. 30ಕ್ಕೆ 107 ಕೋಟಿ ದಾಟುತ್ತದೆ, ಅಲ್ಲಿ ಪ್ರೂನಿಂಗ್ (ಫಲ ಕೊಡದ ದಾರಿಗಳನ್ನು ಮೊದಲೇ ಕೈಬಿಡುವುದು) ಇಲ್ಲದೆ ಗತಿಯಿಲ್ಲ. ಕೆಳಮಿತಿಗೆ ಎರಡು ಅಗ್ಗದ ಉಪಾಯಗಳಿವೆ: ಡಿಜೆನರಸಿಗೆ (ಪ್ರತಿ ನೋಡ್‌ಗೂ ಕನಿಷ್ಠ k ನೆರೆಯವರಿರುವ ಉಪಗ್ರಾಫ್ ಸಿಗುವ ಅತಿ ದೊಡ್ಡ k) 1 ಕೂಡಿಸಿ, ಅಥವಾ ಕೈಗೆ ಸಿಕ್ಕ ಉದ್ದನೆಯ ಪಾತ್‌ನ ಟ್ರೀಡೆಪ್ತ್ ಬಳಸಿ. ಒಂದು ಎಚ್ಚರಿಕೆ: ಮಿತಿ ಮೀರಿತೆಂದು ಅರ್ಧಕ್ಕೆ ಬಿಟ್ಟ ಶೋಧದ ಸಂಖ್ಯೆಯನ್ನು ನಿಖರ ಉತ್ತರವೆಂದು ಮೆಮೊದಲ್ಲಿ ಬರೆಯಬೇಡಿ. ಪ್ರೋಗ್ರಾಂ ಎಲ್ಲೂ ಬೀಳುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ.

ಸಾಮಾನ್ಯ ಗ್ರಾಫಿಗೆ ಟ್ರೀಡೆಪ್ತ್ ಲೆಕ್ಕ ಎನ್‌ಪಿ-ಹಾರ್ಡ್, ಅಂದರೆ ವೇಗದ ನಿಖರ ವಿಧಾನ ಯಾವುದೂ ಗೊತ್ತಿಲ್ಲ. ಗ್ರಾಫೇ ಮರವಾಗಿದ್ದರೆ ಲೀನಿಯರ್ ಸಮಯ (ನೋಡ್‌ಗಳ ಸಂಖ್ಯೆಗೆ ತಕ್ಕಷ್ಟೇ) ಸಾಕು. ಒರಟು ಅಂದಾಜು ಸಾಕೆನ್ನುವವರು ಡಿಎಫ್‌ಎಸ್ (ಒಂದು ದಾರಿಯಲ್ಲಿ ಆಳಕ್ಕಿಳಿದು ಆಮೇಲೆ ಹಿಂದಿರುಗುವ ಹುಡುಕಾಟ) ಓಡಿಸಬಹುದು. ಡಿಎಫ್‌ಎಸ್ ಮರದ ಹೊರಗುಳಿದ ಎಡ್ಜ್‌ಗಳೆಲ್ಲ ಪೂರ್ವಜರ ಕಡೆಗೇ ಹೋಗುವುದರಿಂದ ಆ ಮರ ಷರತ್ತನ್ನು ತಾನಾಗಿಯೇ ಪಾಲಿಸುತ್ತದೆ. ಟ್ರೀಡೆಪ್ತ್ 4 ಇರುವ ಗ್ರಾಫಿನಲ್ಲಿ ಯಾವ ಪಾತ್‌ಗೂ 15ಕ್ಕಿಂತ ಹೆಚ್ಚು ನೋಡ್ ಇರಲು ಸಾಧ್ಯವಿಲ್ಲ, ಹಾಗಾಗಿ ಡಿಎಫ್‌ಎಸ್ ಮರದ ಎತ್ತರವೂ 15ನ್ನು ಮೀರದು. ಬಿಎಫ್‌ಎಸ್ (ಮಟ್ಟ ಮಟ್ಟವಾಗಿ ಹರಡುವ ಹುಡುಕಾಟ) ಮರ ಈ ಕೆಲಸಕ್ಕೆ ಬಾರದು, ಒಂದೇ ಮಟ್ಟದ ನೋಡ್‌ಗಳ ನಡುವೆಯೂ ಅಲ್ಲಿ ಎಡ್ಜ್ ಬರಬಹುದು.

ಮರ ಸಿಕ್ಕಮೇಲೆ ಮ್ಯಾಕ್ಸಿಮಮ್ ಇಂಡಿಪೆಂಡೆಂಟ್ ಸೆಟ್ (ಯಾವ ಎರಡರ ನಡುವೆಯೂ ಎಡ್ಜ್ ಇಲ್ಲದ ಅತಿ ಹೆಚ್ಚು ನೋಡ್‌ಗಳ ಗುಂಪು) ಮಾಡಿ ನೋಡಿ. ಬೇರನ್ನು ಸೇರಿಸಿಕೊಂಡು ಒಮ್ಮೆ, ಬಿಟ್ಟು ಒಮ್ಮೆ, ಕೆಳಗಿನ ಪ್ರತಿ ಕೊಂಬೆಯನ್ನೂ ಬೇರೆಬೇರೆಯಾಗಿ ಬಿಡಿಸಿ ಕೂಡಿಸಿ. ಪೂರ್ವಜರಲ್ಲಿ ನೆರೆಯವನೊಬ್ಬ ಆಗಲೇ ಸೇರಿದ್ದರೆ ಆ ನೋಡನ್ನು ಸೇರಿಸುವಂತಿಲ್ಲ. ನಮ್ಮ 7 ನೋಡ್‌ಗಳ ಪಾತ್‌ನಲ್ಲಿ 4ನ್ನು ಸೇರಿಸಿದರೆ 1+1+1, ಅಂದರೆ 3. ಬಿಟ್ಟರೆ 2+2, ಅಂದರೆ 4. ಉತ್ತರ 4. ಸಮಯ ಸುಮಾರಾಗಿ 2ರ ಘಾತ ಎತ್ತರ ಗುಣಿಸು ನೋಡ್‌ಗಳ ಸಂಖ್ಯೆ. ಮೆಮೊರಿಗೆ ಬೇರಿನಿಂದ ಈಗಿರುವ ನೋಡ್‌ವರೆಗಿನ ಆಯ್ಕೆಗಳ ಸ್ಟ್ಯಾಕ್ ಇದ್ದರೆ ಆಯಿತು. ಗ್ರಾಫ್ ಮರಕ್ಕೆ ಎಷ್ಟು ಹತ್ತಿರವೆಂದು ಅಳೆಯುವ ಇನ್ನೊಂದು ಸಂಖ್ಯೆ ಟ್ರೀವಿಡ್ತ್. ಅದರ ಡೈನಮಿಕ್ ಪ್ರೋಗ್ರಾಮಿಂಗ್ ಪ್ರತಿ ಬ್ಯಾಗ್‌ಗೂ (ಒಟ್ಟಿಗೆ ನೋಡುವ ನೋಡ್‌ಗಳ ಗುಂಪಿಗೂ) ಘಾತೀಯ ಗಾತ್ರದ ಟೇಬಲ್ ಕೇಳುತ್ತದೆ. ಟ್ರೀಡೆಪ್ತ್‌ನ ನಿಜವಾದ ಲಾಭ ಈ ಮೆಮೊರಿಯದ್ದೇ.

ಅದಕ್ಕೆ ಬೆಲೆಯೂ ಉಂಟು. ಟ್ರೀಡೆಪ್ತ್ ಯಾವಾಗಲೂ ಟ್ರೀವಿಡ್ತ್‌ಗಿಂತ ಕನಿಷ್ಠ 1 ಹೆಚ್ಚು. 1000 ನೋಡ್‌ಗಳ ಪಾತ್‌ಗೆ ಟ್ರೀವಿಡ್ತ್ 1, ಟ್ರೀಡೆಪ್ತ್ 10. ಇಂಥ ಉದ್ದನೆಯ, ಸಣಕಲು ಗ್ರಾಫಿಗೆ ಟ್ರೀವಿಡ್ತ್ ವಿಧಾನವೇ ವೇಗ. ಅಲ್ಲಿ ಟ್ರೀಡೆಪ್ತ್ ಹಿಡಿದು ಗುದ್ದಾಡುವುದರಲ್ಲಿ ಅರ್ಥವಿಲ್ಲ.

ಕೋಡ್ ಪರೀಕ್ಷೆಗೆ 2020ರ ಪೇಸ್ (PACE) ಎಂಬ ಅಲ್ಗಾರಿದಮ್ ಸ್ಪರ್ಧೆಯ ಉತ್ತರದ ಫಾರ್ಮ್ಯಾಟ್ ಅನುಕೂಲ, ಆ ವರ್ಷದ ವಿಷಯ ಟ್ರೀಡೆಪ್ತ್ ಆಗಿತ್ತು. ಮೊದಲ ಸಾಲಿನಲ್ಲಿ ಎತ್ತರ, ಆಮೇಲೆ ಸಾಲಿಗೊಂದರಂತೆ ಪ್ರತಿ ನೋಡ್‌ನ ಪೇರೆಂಟ್, ಬೇರಿಗೆ 0. ನಮ್ಮ ಪಾತ್‌ಗೆ ಅದು 3, 2, 4, 2, 0, 6, 4, 6 ಎಂದಾಗುತ್ತದೆ. ಉತ್ತರ ತಾಳೆ ನೋಡಲು ಮರದ ಮೇಲೆ ಡಿಎಫ್‌ಎಸ್ ಓಡಿಸಿ ಪ್ರತಿ ನೋಡ್‌ನ ಪ್ರವೇಶ, ನಿರ್ಗಮನ ಸಮಯ ಗುರುತಿಸಿ. ಗ್ರಾಫಿನ ಪ್ರತಿ ಎಡ್ಜ್‌ಗೂ ಒಂದು ತುದಿಯ ಅವಧಿ ಇನ್ನೊಂದರ ಅವಧಿಯೊಳಗೆ ಪೂರ್ತಿ ಅಡಗಿರಬೇಕು. ಒಂದೇ ಒಂದು ಎಡ್ಜ್ ತಪ್ಪಿದರೂ ಎತ್ತರದ ಸಂಖ್ಯೆಯನ್ನು ನಂಬಬೇಡಿ.