ನಾನೂರರ ಜೂಮ್ ಹಿಡಿದು ಕ್ಯಾಂಪ್‌ಬೆಲ್ ದ್ವೀಪಕ್ಕೆ: ನನ್ನ ಅನುಭವ

ಸದರ್ನ್ ರಾಯಲ್ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿಯ ಮೇಲ್ಕೊಕ್ಕಿನ ಅಂಚಿನಲ್ಲಿ ಸಣ್ಣದೊಂದು ಕಪ್ಪು ಗೆರೆ ಇರುತ್ತದೆ. ವಾಂಡರಿಂಗ್ ಆಲ್ಬಟ್ರಾಸ್‌ಗೆ ಅದು ಇಲ್ಲ. ಹಕ್ಕಿ ಹಾರುತ್ತಿರುವಾಗ, ಓಡುವ ಹಡಗಿನಿಂದ, ಆ ಗೆರೆ ಚೊಕ್ಕವಾಗಿ ಕಾಣುವ ಒಂದು ಫೋಟೊ ತೆಗೆಯಬೇಕು ಅನ್ನುವುದು ನನ್ನ ಐದು ವರ್ಷದ ಹಟ. 2024ರ ಜನವರಿಯಲ್ಲಿ, ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಕ್ಯಾಂಪ್‌ಬೆಲ್ ದ್ವೀಪದ ಹಡಗುಯಾನದಲ್ಲಿ, ಅದು ಕೈಗೂಡಿತು. 600 ಎಂಎಂನ ಪ್ರೈಮ್ (ಜೂಮ್ ಆಗದ ದೊಡ್ಡ ಲೆನ್ಸ್) ಇಲ್ಲ, ಟ್ರೈಪಾಡ್ ಇಲ್ಲ. ಹಳೆಯ ಕ್ರಾಪ್ ಬಾಡಿ (ಸಣ್ಣ ಸೆನ್ಸರಿನ ಕ್ಯಾಮೆರಾ), 100-400 ಎಂಎಂನ ಜೂಮ್, ನನ್ನ ಎರಡು ಕೈ, ಅಷ್ಟೇ.

ಹೊರಡುವ ಮುಂಚೆ ಶಿವಮೊಗ್ಗದ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ನನಗಿಂತ ಇಪ್ಪತ್ತು ವರ್ಷ ಮೊದಲೇ ಕ್ಯಾಮೆರಾ ಹಿಡಿದ ಹಿರಿಯರೊಬ್ಬರು ನೇರವಾಗಿಯೇ ಹೇಳಿದರು: "ಮಾರಾಯ, 400ರಲ್ಲಿ ಕೊಕ್ಕಿನ ಗೆರೆ ಎಲ್ಲಿ ಸಿಗುತ್ತೆ? ಮೊದಲು ಲೆನ್ಸ್ ತಗೊ, ಆಮೇಲೆ ಹಡಗು ಹತ್ತು." ಲೆನ್ಸಿಗೆ ಹನ್ನೊಂದು ಹನ್ನೆರಡು ಲಕ್ಷ. ಲೆನ್ಸು, ಹಡಗು ಎರಡಕ್ಕೂ ಆಗುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಹಡಗಿಗೇ ಹಾಕುತ್ತೇನೆ ಅಂದೆ.

ಹಾಗೆ ಅನ್ನುವುದಕ್ಕೆ ಕಾರಣ ಇತ್ತು. 2019ರಲ್ಲಿ ನ್ಯೂಜಿಲೆಂಡಿನ ಕೈಕೌರಾಕ್ಕೆ ಬಾಡಿಗೆಯ 600 ಹೊತ್ತುಕೊಂಡು ಹೋಗಿದ್ದೆ. ಹತ್ತು ದಿನಕ್ಕೆ ಬಾಡಿಗೆ 35 ಸಾವಿರದ ಹತ್ತಿರ. ಕೈಕೌರಾದಲ್ಲಿ ದಡದ ಪಕ್ಕದಲ್ಲೇ ಸಮುದ್ರ ತುಂಬಾ ಆಳ. ಹಾಗಾಗಿ ನಡುಗಡಲಿನ ಹಕ್ಕಿಗಳು ಅರ್ಧ ಗಂಟೆಯ ಬೋಟ್ ದಾರಿಯಲ್ಲೇ ಸಿಗುತ್ತವೆ. ಬಂದವು ಕೂಡ. ಬೋಟಿನಿಂದ ಮೂರು ಮೀಟರ್ ದೂರದಲ್ಲಿ ಬಂದು ಕೂತವು. ನನ್ನ ಲೆನ್ಸ್ ನಾಲ್ಕು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದೇ ಇಲ್ಲ! ದೂರ ಹಾರುವಾಗ ಹಿಡಿಯೋಣ ಅಂದರೆ ಬೋಟ್ ಹೊಯ್ದಾಡಿ ಫ್ರೇಮಿನೊಳಗೆ ಹಕ್ಕಿಯೇ ಇಲ್ಲ. ಕಂಬಿಗೆ ಒರಗಿಸಿದರೆ ಇಂಜಿನ್ ನಡುಕ ಪೂರಾ ಲೆನ್ಸಿಗೆ ಬರುತ್ತಿತ್ತು. ಮೇಲೆ ವಾಂತಿ ಬೇರೆ. ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದೆ, ಆಗ ಅದು ಕೆಲಸ ಮಾಡುವುದಿಲ್ಲ. ಮೂರು ಸಾವಿರ ಫೋಟೊದಲ್ಲಿ ಉಳಿದದ್ದು ಹದಿನೈದು ಇಪ್ಪತ್ತು. ಗೆರೆ ಒಂದರಲ್ಲೂ ಇಲ್ಲ. ವಾಪಸ್ ಬಂದಾಗ ಉಪ್ಪುನೀರು ಲೆನ್ಸಿನ ಮೌಂಟಿಗೆ (ಕ್ಯಾಮೆರಾಕ್ಕೆ ಕೂಡುವ ಜಾಗಕ್ಕೆ) ಹೋಗಿದೆ ಅಂತ ಬಾಡಿಗೆಯವರು 40 ಸಾವಿರ ಹಿಡಿದುಕೊಂಡರು.

ಅಲ್ಲಿಂದ ಮುಂದೆ ಅಭ್ಯಾಸ ಇಲ್ಲೇ ಮಾಡಿದೆ. ಎರಡು ಬೇಸಿಗೆ ಲಕ್ಕವಳ್ಳಿಗೆ ಹೋದೆ. ಭದ್ರಾ ಹಿನ್ನೀರು ಇಳಿದಾಗ ನಡುಗಡ್ಡೆಗಳಲ್ಲಿ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಗೂಡು ಮಾಡುತ್ತವಲ್ಲ, ದೋಣಿಯಲ್ಲಿ ಕೂತು ಅವುಗಳ ಹಿಂದೆ ಬಿದ್ದೆ. ಮಲ್ಪೆ ಬಂದರಿನಲ್ಲಿ ಮೀನಿಗೆ ಎರಗುವ ಗರುಡಗಳನ್ನು ಹಿಡಿದೆ. ಮಲ್ಪೆಯ ಗರುಡ ಸಿಕ್ಕಿತು ಅಂದರೆ ಆಲ್ಬಟ್ರಾಸ್ ಸುಲಭ. ಇದನ್ನು ಧೈರ್ಯವಾಗಿ ಹೇಳುತ್ತೇನೆ. ಗರುಡ ಎಲ್ಲಿ ತಿರುಗುತ್ತದೆ ಅಂತ ಹೇಳಲಾಗದು. ಆಲ್ಬಟ್ರಾಸ್ ಹಾಗಲ್ಲ, ಅದಕ್ಕೊಂದು ತಾಳ ಇದೆ.

ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್ ಬಂದರಿನಿಂದ ಹಡಗು. ಹನ್ನೆರಡು ದಿನ. ಸ್ನೇರ್ಸ್, ಆಕ್ಲೆಂಡ್ ದ್ವೀಪಗಳು, ಕ್ಯಾಂಪ್‌ಬೆಲ್, ಬರುವಾಗ ಫಿಯೋರ್ಡ್‌ಲ್ಯಾಂಡ್. ಮೂವರು ಹಂಚಿಕೊಳ್ಳುವ ಕ್ಯಾಬಿನ್, ಎಲ್ಲಕ್ಕಿಂತ ಕೆಳಗಿನ ಡೆಕ್. ದುಂಡನೆಯ ಪುಟ್ಟ ಕಿಟಕಿ, ಅದರ ಮೇಲೆಲ್ಲ ನೀರು. ಜನ ಅದನ್ನು ಬಡವರ ಕ್ಯಾಬಿನ್ ಅನ್ನುತ್ತಾರೆ. ಹಡಗಿನ ನಡುವೆ, ಕೆಳಗೆ ಇರುವ ಕ್ಯಾಬಿನ್ ಎಲ್ಲಕ್ಕಿಂತ ಕಡಿಮೆ ಅಲುಗುತ್ತದೆ. ಮೇಲಿನ ಬಾಲ್ಕನಿಯವರು ಎರಡು ದಿನ ಊಟಕ್ಕೆ ಬರಲಿಲ್ಲ, ನಾನು ಮೂರು ಹೊತ್ತೂ ಉಂಡೆ. ನಡುವಿನ ಕ್ಯಾಬಿನ್ನೇ ಸಿಗುವ ಹಾಗೆ ಬುಕಿಂಗ್‌ನವರನ್ನು ಹೇಗೆ ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲಕ್ಕೆ ನನಗೇ ಬೇಕು.

ದ್ವೀಪದಲ್ಲಿ ಇಳಿಯುವ ಮುಂಚೆ ಬಟ್ಟೆ, ಬ್ಯಾಗು, ಬೂಟು ಎಲ್ಲದರ ತಪಾಸಣೆ. ಹೊರಗಿನ ಗಿಡ ಅಲ್ಲಿ ಬೇರುಬಿಡಬಾರದಲ್ಲ, ಒಂದೇ ಒಂದು ಬೀಜ ಕೂಡ ದಡ ಸೇರಬಾರದು. ನನ್ನ ಕ್ಯಾಮೆರಾ ಬ್ಯಾಗಿನ ವೆಲ್ಕ್ರೊ ಪಟ್ಟಿಯನ್ನು ಟಾರ್ಚ್ ಹಿಡಿದು ಚಿಮಟದಿಂದ ಬಿಡಿಸುತ್ತಿದ್ದೆ. ಸಿಕ್ಕಿತು ನೋಡಿ, ಉತ್ತರಾಣಿ! ಒಣಗಿದ ಎರಡು ಬೀಜ, ಮುಳ್ಳು ಸಮೇತ. ಲಕ್ಕವಳ್ಳಿಯ ದಂಡೆಯಿಂದ ಕೂತು ಬಂದಿದೆ. ಕೈ ತಣ್ಣಗಾಯಿತು. ಆಮೇಲೆ ಎರಡು ಗಂಟೆ ಕೂತು ಬ್ಯಾಗಿನ ಹೊಲಿಗೆ ಹೊಲಿಗೆ ಹುಡುಕಿದೆ. ಈಗ ಆ ಬ್ಯಾಗ್ ಭದ್ರಾಕ್ಕೆ ಹೋಗುವುದಿಲ್ಲ.

ಸ್ನೇರ್ಸ್‌ನಲ್ಲಿ ಇಳಿಯಲು ಬಿಡುವುದಿಲ್ಲ, ಜೋಡಿಯಾಕ್ ರಬ್ಬರ್ ದೋಣಿಯಲ್ಲೇ ಸುತ್ತು. ಸ್ನೇರ್ಸ್ ಕ್ರೆಸ್ಟೆಡ್ ಪೆಂಗ್ವಿನ್‌ಗಳು ಜಾರುಬಂಡೆಯ ಮೇಲೆ ಸಾಲಾಗಿ ಹತ್ತುತ್ತವೆ. ಬೇರೆಲ್ಲೂ ಗೂಡು ಮಾಡದ ಪೆಂಗ್ವಿನ್ ಅದು. ದೋಣಿ ಎರಡು ಮೀಟರ್ ಏರುತ್ತದೆ, ಇಳಿಯುತ್ತದೆ. ಟ್ರೈಪಾಡ್ ತಂದಿದ್ದವರು ಅದನ್ನು ಕಾಲ ಕೆಳಗೆ ಹಾಕಿಕೊಂಡು ಕೂತಿದ್ದರು. ರಾತ್ರಿ ಹಡಗಿನ ಕಿಟಕಿಗೆಲ್ಲ ಪರದೆ ಎಳೆಯಬೇಕು, ಇಲ್ಲದಿದ್ದರೆ ಸಾವಿರಗಟ್ಟಲೆ ಶಿಯರ್‌ವಾಟರ್ ಹಕ್ಕಿಗಳು ಬೆಳಕಿಗೆ ಬಂದು ಡಿಕ್ಕಿ ಹೊಡೆಯುತ್ತವೆ.

ಆಕ್ಲೆಂಡ್ ದ್ವೀಪಗಳಲ್ಲೊಂದಾದ ಎಂಡರ್ಬಿಯ ಸ್ಯಾಂಡಿ ಬೇಯಲ್ಲಿ ಜೂಮ್ ನನ್ನ ಮಾನ ಉಳಿಸಿತು. ಮರಳಿನ ಮೇಲೆ ಕಡಲ ಸಿಂಹಗಳ ಸಂಸಾರ, ಹೆಣ್ಣುಗಳು, ಹೊಸ ಮರಿಗಳು. ದೂರ ಕಾಯ್ದುಕೊಳ್ಳಿ ಅಂತ ನಮಗೆ ಹೇಳಿದ್ದರು, ಆದರೆ ಅವಕ್ಕೆ ಯಾರು ಹೇಳುವುದು? ಒಂದು ಗಂಡು ಹುಲ್ಲಿನೊಳಗಿಂದ ನುಗ್ಗಿ ಬಂತು. ಓಡಬೇಡಿ, ನಿಂತಲ್ಲೇ ನಿಲ್ಲಿ ಅಂತ ಗೈಡ್ ಕೂಗಿದರು. ನಿಂತೆ. ನಿಂತೇ 400ರಿಂದ 100ಕ್ಕೆ ಎಳೆದೆ. ಮೂಗಿನ ಸಿಂಬಳ, ಮೀಸೆಯ ಮೇಲಿನ ಮರಳು, ಹಿಂದೆ ರಾಟಾ ಮರಗಳ ಕೆಂಪು, ಎಲ್ಲ ಒಂದೇ ಫ್ರೇಮಿನಲ್ಲಿ. ಪಕ್ಕದಲ್ಲಿ 600 ಹಿಡಿದಿದ್ದ ಜರ್ಮನಿಯವರಿಗೆ ಸಿಕ್ಕಿದ್ದು ಒಂದು ಕಣ್ಣು. ಅವರ ಹಳದಿಕಣ್ಣಿನ ಪೆಂಗ್ವಿನ್ ಫೋಟೊ ಮಾತ್ರ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನೂ ಹೇಳಬೇಕು.

ಈಗ ಮುಖ್ಯ ವಿಷಯ. ಆಕ್ಲೆಂಡ್ ದ್ವೀಪಗಳಿಂದ ಕ್ಯಾಂಪ್‌ಬೆಲ್‌ಗೆ ಹೋಗುವ ದಾರಿ, ಮಧ್ಯಾಹ್ನ, ಗಾಳಿ ನಲವತ್ತು ನಾಟ್ (ಗಂಟೆಗೆ ಸುಮಾರು 75 ಕಿ.ಮೀ.) ಇದ್ದಿರಬೇಕು. ಎಲ್ಲರೂ ಎತ್ತರ ಬೇಕು ಅಂತ ಮೇಲಿನ ಡೆಕ್ಕಿಗೆ ಹೋದರು. ನಾನು ಹಿಂಬದಿಯ ಕೆಳಗಿನ ಡೆಕ್ಕಿಗೆ ಇಳಿದೆ. ಅಲ್ಲಿ ಹಕ್ಕಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕಂಬಿ ಮುಟ್ಟಲಿಲ್ಲ. ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಮೊಣಕೈ ಎದೆಗೆ ಒತ್ತಿ ನಿಂತೆ. ಬಸ್ಸಿನಲ್ಲಿ ಹಿಡಿಕೆ ಹಿಡಿಯದೆ ನಿಲ್ಲುತ್ತೇವಲ್ಲ, ಹಾಗೆ. ಶಟರ್ 2500 (ಅಂದರೆ ಸೆಕೆಂಡಿನ 2500ರಲ್ಲಿ ಒಂದು ಭಾಗ), ಅಪರ್ಚರ್ ಎಫ್ 7.1, ಐಎಸ್‌ಒ ಆಟೊ. ಕಪ್ಪು ನೀರಿನ ಮೇಲೆ ಬಿಳಿ ಹಕ್ಕಿ ಸುಟ್ಟುಹೋಗುತ್ತದೆ, ಅದಕ್ಕೆ ಬೆಳಕು ಒಂದು ಸ್ಟಾಪ್ (ಅರ್ಧದಷ್ಟು) ಕಡಿಮೆ. ಹಕ್ಕಿ ಆಕಾಶಕ್ಕೆ ಏರಿದ ಕೂಡಲೇ ಹೆಬ್ಬೆರಳಿನಿಂದ ವಾಪಸ್. ಫೋಕಸ್ ನೀರಿಗೆ ಹೋಗಿ ಅಂಟಿಕೊಳ್ಳದಂತೆ ಲಿಮಿಟರ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್) ಹಾಕಿ, ಮೊದಲೇ ಇಪ್ಪತ್ತು ಮೀಟರಿಗೆ ಇಟ್ಟುಕೊಂಡಿದ್ದೆ.

ತಾಳ ಅಂದೆನಲ್ಲ. ಹಕ್ಕಿ ಗಾಳಿಗೆ ಎದುರಾಗಿ ಏರುತ್ತದೆ, ತುದಿಯಲ್ಲಿ ಮಗ್ಗುಲಾಗುತ್ತದೆ, ಗಾಳಿಯ ಜೊತೆಗೆ ಅಲೆಯ ತಗ್ಗಿಗೆ ಜಾರುತ್ತದೆ. ರೆಕ್ಕೆ ಬಡಿಯುವುದೇ ಇಲ್ಲ. ಒಂದು ಸುತ್ತಿಗೆ ಹತ್ತು ಸೆಕೆಂಡ್ ಆಸುಪಾಸು. ಆ ತುದಿಯಲ್ಲಿ, ಮಗ್ಗುಲಾಗುವ ಮುಂಚೆ, ಅರ್ಧ ಸೆಕೆಂಡ್ ಹಕ್ಕಿ ನಿಂತ ಹಾಗೆ ಇರುತ್ತದೆ. ಮೂರು ಮೀಟರ್ ಮೀರಿದ ರೆಕ್ಕೆಗಳು ಅಲ್ಲಾಡುವುದಿಲ್ಲ, ತಲೆ ನಿಶ್ಚಲ. ಒತ್ತಬೇಕಾದದ್ದು ಆಗ, ಆಗ ಮಾತ್ರ. ಉಳಿದ ಒಂಬತ್ತೂವರೆ ಸೆಕೆಂಡ್ ಸುಮ್ನೆ ಎಣಿಸುವುದು. ಹಡಗು ಅಲೆಯ ಯಾವ ಹಂತದಲ್ಲಿದ್ದಾಗ ಉಸಿರು ಹಿಡಿಯಬೇಕು ಅನ್ನುವುದು ಇನ್ನೊಂದು ಗುಟ್ಟು. ಅದನ್ನು ಡೆಕ್ಕಿನ ಮೇಲೆ ಪಕ್ಕದಲ್ಲಿ ನಿಂತು ತೋರಿಸಬಹುದು, ಬರೆದು ಹೇಳಲಾರೆ.

ಐದು ಗಂಟೆ ನಿಂತೆ. ಎಂಟು ನೂರು ಫೋಟೊ ಇರಬಹುದು. ಸಂಜೆ ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪ್ ತೆರೆದು ದೊಡ್ಡದು ಮಾಡುತ್ತಾ ಹೋದೆ. ತಿಳಿಗುಲಾಬಿ ಕೊಕ್ಕು, ಅದರ ತುದಿಯಲ್ಲೊಂದು ನೀರಿನ ಹನಿ, ಮತ್ತೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪು ಗೆರೆ. ಒಂದಲ್ಲ, ಹನ್ನೊಂದು ಫೋಟೊದಲ್ಲಿ. ಜೊತೆಯವರು ಮಲಗಿದ್ದರು. ಎಬ್ಬಿಸಿ ತೋರಿಸಿದೆ.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ಆದವು. ಕೇಪ್ ಪೆಟ್ರೆಲ್ ಹಕ್ಕಿಗಳನ್ನು ಶಟರ್ 30ರಲ್ಲಿ (ಸೆಕೆಂಡಿನ 30ರಲ್ಲಿ ಒಂದು ಭಾಗ) ಪ್ಯಾನಿಂಗ್ ಮಾಡಿದೆ, ಅಂದರೆ ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತಿದೆ. ಆರು ನೂರರಲ್ಲಿ ಎರಡು ಉಳಿದವು, ಆ ಎರಡು ಚೆಂದ ಇವೆ. ವಾಂತಿಗೆ ಒಂದು ದಿನ ಮಾತ್ರೆ ಬಿಟ್ಟು ಬರೀ ಒಣಶುಂಠಿ ಬೆಲ್ಲ ಅಗಿದೆ. ಅಲೆ ಸಣ್ಣದಿದ್ದರೆ ಸಾಕು, ದೊಡ್ಡದಕ್ಕೆ ಮಾತ್ರೆಯೇ ಬೇಕು, ಹತ್ತುವ ಮುಂಚೆಯೇ ಬೇಕು. ತಿನ್ನುವುದು ಏನೇ ಒಯ್ದರೂ ವಿಮಾನ ನಿಲ್ದಾಣದಲ್ಲಿ ಬರೆದು ಕೊಡಿ. ನಾನು ಶುಂಠಿ, ಚಟ್ನಿಪುಡಿ ಎರಡನ್ನೂ ಬರೆದೆ, ತೊಂದರೆ ಆಗಲಿಲ್ಲ.

ಕ್ಯಾಂಪ್‌ಬೆಲ್‌ನಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಾದ ಕೋಲ್ ಲಯಲ್‌ಗೆ ಹಲಗೆಯ ದಾರಿ ಇದೆ. ಎರಡೂ ಕಡೆ ಆಳೆತ್ತರದ ಹುಲ್ಲು, ನೇರಳೆ ಹೂವಿನ ದೊಡ್ಡ ದೊಡ್ಡ ಎಲೆಯ ಗಿಡಗಳು. ಹುಲ್ಲಿನ ನಡುವೆ ಬಿಳಿ ಗುಡ್ಡೆಗಳ ಹಾಗೆ ಆಲ್ಬಟ್ರಾಸ್‌ಗಳು ಕಾವಿಗೆ ಕೂತಿವೆ. ಸಂಜೆ ಗಾಳಿ ಏರಿದ ಮೇಲೆ ಪ್ರಾಯದ ನಾಲ್ಕು ಹಕ್ಕಿ ಇಳಿದವು. ಎದುರುಬದುರು ನಿಂತು ರೆಕ್ಕೆ ಹರಡಿ, ಕೊಕ್ಕನ್ನು ಆಕಾಶಕ್ಕೆ ಎತ್ತಿ ಕೂಗಿದವು. ಕೊಕ್ಕು ಕಟಕಟ ಬಡಿಯುವ ಸದ್ದು ಈಗಲೂ ಕಿವಿಯಲ್ಲಿದೆ. ಸ್ವಲ್ಪ ಹೊತ್ತಿನ ಮೇಲೆ ಕ್ಯಾಮೆರಾ ಇಳಿಸಿ ನೋಡುತ್ತಾ ನಿಂತುಬಿಟ್ಟೆ.

ಈ ದ್ವೀಪದ ತುಂಬಾ ಹಿಂದೆ ಇಲಿಗಳಿದ್ದವು. 2001ರಲ್ಲಿ ಹೆಲಿಕಾಪ್ಟರಿನಿಂದ ವಿಷ ಹಾಕಿ ಅವನ್ನು ಪೂರ್ತಿ ಕೊನೆಗಾಣಿಸಿದರು. ಹಾರಲಾರದ ಕ್ಯಾಂಪ್‌ಬೆಲ್ ಟೀಲ್ ಬಾತು ಇಲಿಗಳ ಕಾಟಕ್ಕೆ ಮುಗಿದೇ ಹೋಯಿತು ಅಂದುಕೊಂಡಿದ್ದರು, 1975ರಲ್ಲಿ ಪಕ್ಕದ ಡೆಂಟ್ ಅನ್ನುವ ಬಂಡೆದ್ವೀಪದಲ್ಲಿ ಕೆಲವು ಸಿಕ್ಕವು. ಅದರ ಸಂತತಿಯನ್ನೇ ವಾಪಸ್ ತಂದು ಬಿಟ್ಟಿದ್ದಾರೆ. ಒಂದು ಟೀಲ್ ದಡದ ಕಡಲಪಾಚಿಯಲ್ಲಿ ಕೊಕ್ಕು ಆಡಿಸುತ್ತಿತ್ತು. ನನ್ನ ಫೋಟೊ ಮಬ್ಬು. ಆದರೂ ಅಳಿಸಿಲ್ಲ. ಉತ್ತರಾಣಿ ಬೀಜ ನೆನಪಾಯಿತು ಅಲ್ಲಿ.

ಫಿಯೋರ್ಡ್‌ಗಳಲ್ಲಿ, ಅಂದರೆ ಬಂಡೆಗೋಡೆಗಳ ನಡುವೆ ಒಳಚಾಚಿದ ಕಡಲಿನಲ್ಲಿ, ನಾನು ಸೋತೆ. ಡಸ್ಕಿ, ಡೌಟ್‌ಫುಲ್, ಮಿಲ್ಫರ್ಡ್, ಮೂರರಲ್ಲೂ ಆಗುಂಬೆಯ ಜುಲೈ ತಿಂಗಳ ಮಳೆ. ಬಂಡೆಗೋಡೆಯ ತುಂಬಾ ಜಲಪಾತ, ಆದರೆ ಬೆಚ್ಚಗಿನ ಕ್ಯಾಬಿನ್ನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿ ಲೆನ್ಸಿನ ಒಳಗೇ ಹಬೆ ಕೂತಿತು. ಒಳಗೆ ಬರುವ ಮುಂಚೆ ಜಿಪ್ ಕವರಿಗೆ ಹಾಕಿ ಕಟ್ಟಬೇಕಿತ್ತು. ಗೊತ್ತಿದ್ದೂ ಸೋಮಾರಿತನ ಮಾಡಿದೆ. ಒಂದಿಡೀ ದಿನ ಹೋಯಿತು, ಡಾಲ್ಫಿನ್‌ಗಳೂ ಹೋದವು.

ಖರ್ಚು ನೆನಪಿದ್ದಷ್ಟು: ಹಡಗಿಗೆ 5 ಲಕ್ಷ 20 ಸಾವಿರ, ದ್ವೀಪದ ಅನುಮತಿ ಶುಲ್ಕ 30 ಸಾವಿರದ ಆಸುಪಾಸು, ಬೆಂಗಳೂರಿನಿಂದ ವಿಮಾನ 1 ಲಕ್ಷ 15 ಸಾವಿರ, ವೀಸಾ ಮತ್ತು ವಿಮೆ 35 ಸಾವಿರ, ಊಟ ವಸತಿ 20 ಸಾವಿರ. ಏಳು ಲಕ್ಷದ ಮೇಲೆ ಸ್ವಲ್ಪ. ಕೊನೇ ಗಳಿಗೆಯಲ್ಲಿ ಸೀಟು ಅಗ್ಗ ಆಗುತ್ತದೆ ಅಂತ ನಾಲ್ಕು ತಿಂಗಳು ಕಾದಿದ್ದೆ, ಆಗಲಿಲ್ಲ. ಹೋಗುವ ಜನಕ್ಕೇ ಮಿತಿ ಇದೆ, ಅಲ್ವಾ, ಹಡಗು ಖಾಲಿ ಇರುವುದಿಲ್ಲ.

ಆ ಹನ್ನೊಂದರಲ್ಲಿ ಒಂದನ್ನು ಇಪ್ಪತ್ತು ಇಂಚಿಗೆ ಪ್ರಿಂಟ್ ಹಾಕಿಸಿ ಹಿರಿಯರ ಮನೆಗೆ ಒಯ್ದೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು 400ರದ್ದೇನೋ?" ಅಂದರು. ಹೌದು ಅಂದೆ. ಪ್ರಿಂಟ್ ಅವರ ಮನೆಯಲ್ಲೇ ಇದೆ. ಮುಂದೆ ಬೌಂಟಿ ದ್ವೀಪಗಳು, ಸಾಲ್ವಿನ್ಸ್ ಆಲ್ಬಟ್ರಾಸ್. ಇನ್ನೂ ಮೂರು ಲಕ್ಷ ಕೂಡಬೇಕು.